ಮೊದಲ ಪುಟದ ಮದುಮಗ

ಮದುವೆ ಬ್ಯೂರೋ ನಡೆಸುತ್ತಿದ್ದ ಜೋಡಿ ಮಾಮ ಐವತ್ತರ ಹೊಸ್ತಿಲಿಗೆ ಬಂದರೂ ಮದುವೆಯಾಗದೆ ಉಳಿದದ್ದು ಸಂಬಂಧ ಸಿಗದೆ ಅಲ್ಲ. ಸಿಕ್ಕ ಸಂಬಂಧಗಳನ್ನೆಲ್ಲ ಅವನು ಊರಿಗೆ ಹಂಚಿಬಿಟ್ಟದ್ದರಿಂದ. ಅವನ ಅಕ್ಕ ಅಲ್ಲಿ ಇಲ್ಲಿ ವಿಚಾರಿಸಿ, ಯಾರ್ಯಾರದೋ ಕೈಕಾಲು ಹಿಡಿದು ಒಂದು ಹೆಣ್ಣಿನ ವಿವರ ತಂದು ಮುಂದಿಟ್ಟರೆ ಅವನು ಓದುತ್ತ ಓದುತ್ತ ಕಣ್ಣರಳಿಸುತ್ತಿದ್ದ. ಅಕ್ಕನಿಗೆ ಆಸೆ ಚಿಗುರುತ್ತಿತ್ತು.

"ಏನಕ್ಕಾ ಇದು! ಅಳತೆ ತೆಗೆದು ಹೊಲಿದ ಹಾಗಿದೆಯಲ್ಲ!"

"ಅದನ್ನೇ ನಾನೂ ಬಡ್ಕೊಳ್ತಿರೋದು."

"ನಮ್ಮ ಔಷಧಿ ಅಂಗಡಿಯವನಿಗೆ ಇದಕ್ಕಿಂತ ಹೊಂದೋ ಹೆಣ್ಣು ಹುಟ್ಟೇ ಇಲ್ಲ ಬಿಡು."

ಕೆಲವು ತಿಂಗಳಿಗೆ ಔಷಧಿ ಅಂಗಡಿಯವನ ಮದುವೆ. ಮೊದಲ ಸಾಲಿನ ಕುರ್ಚಿಯಲ್ಲಿ ಅಕ್ಕ ಮುಖ ಗಂಟು ಹಾಕಿಕೊಂಡು ಕೂತಿದ್ದಳು. ಜೋಡಿ ಮಾಮ ಎರಡೂ ಕಡೆಯವರ ನಡುವೆ ಓಡಾಡುತ್ತ ಬೆವರು ಒರೆಸಿಕೊಳ್ಳುತ್ತಿದ್ದ. ಶಾಲೆಯ ಡ್ರಾಯಿಂಗ್ ಮಾಸ್ತರರಿಗೂ ಹೀಗೇ ಆಯಿತು, ಬಸ್ ಡಿಪೋದ ಮೆಕ್ಯಾನಿಕ್ಕನಿಗೂ ಹೀಗೇ ಆಯಿತು. ಊರಿನ ಅರ್ಧ ಗಂಡಸರು ಅವನ ಪಾಲಿನ ಹೆಣ್ಣುಗಳನ್ನು ಮದುವೆಯಾಗಿ ಸುಖವಾಗಿದ್ದರು, ಮತ್ತು ಎದುರಿಗೆ ಸಿಕ್ಕಾಗಲೆಲ್ಲ ಅವನಿಗೆ ಬಹಳ ಪ್ರೀತಿಯಿಂದ ಕೈ ಬೀಸುತ್ತಿದ್ದರು.

ಅವನ ಮದುವೆ ಬ್ಯೂರೋ ಇದ್ದದ್ದು ಲಾಂಡ್ರಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಇಸ್ತ್ರಿ ಶುರುವಾದರೆ ಹಲಗೆಯ ಸಂದಿನಿಂದ ಆವಿ ಮೇಲೇರಿ ಕೋಣೆಯಲ್ಲಿ ಮೋಡ ಕವಿಯುತ್ತಿತ್ತು. ಗೋಡೆಯ ಮೇಲೆ ಅವನು ಕೂಡಿಸಿದ ಜೋಡಿಗಳ ಫೋಟೋ. ಒಂದು ಮೇಜು, ಎರಡು ಕುರ್ಚಿ, ಒಂದು ಕಿಟಕಿ. ಕಿಟಕಿಯ ಎದುರು ಕನ್ನಡಕದ ಅಂಗಡಿ.

ಆ ಅಂಗಡಿಯ ಬಾಗಿಲ ಮೇಲೆ ಆಳೆತ್ತರದ ತಗಡಿನ ಕನ್ನಡಕವೊಂದು ನೇತಾಡುತ್ತಿತ್ತು. ಅದರ ಕೆಳಗೆ ಒಡತಿ ಕೂತಿರುತ್ತಿದ್ದರು: ನಲವತ್ತೈದರ ಆಸುಪಾಸಿನ, ಹೆಚ್ಚು ಮಾತಿಲ್ಲದ, ಮಾತಾಡಿದರೆ ಎದುರಿನವರು ಮತ್ತೊಮ್ಮೆ ಯೋಚಿಸಬೇಕಾಗುವಂಥ ಹೆಂಗಸು. ತನ್ನ ತಂಗಿಗೆ ಗಂಡು ಹುಡುಕಲು ಆಕೆ ಮೊದಲ ಸಲ ಲಾಂಡ್ರಿಯ ಮೆಟ್ಟಿಲು ಹತ್ತಿದ್ದರು. ತಂಗಿಯ ಮದುವೆಯಾಯಿತು, ತಂಗಿ ಗಂಡನೊಂದಿಗೆ ಬೇರೆ ಊರಿಗೆ ಹೋದಳು. ಆಕೆ ಮಾತ್ರ ಆಗಾಗ ಮೆಟ್ಟಿಲು ಹತ್ತಿ ಬರುವುದನ್ನು ಬಿಡಲಿಲ್ಲ. ರಸ್ತೆಯಲ್ಲಿ ಹಾಲಿನವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರೂ ಅವನನ್ನು 'ಮಾಮ' ಎನ್ನುತ್ತಿದ್ದರು, ಹಾಗೆನ್ನದವರು ಆಕೆಯೊಬ್ಬರೇ. ಅದು ಆಕೆಯ ಬಿಗುಮಾನ ಎಂದು ಅವನು ತೀರ್ಮಾನಿಸಿಕೊಂಡಿದ್ದ. ಮನುಷ್ಯರನ್ನು ಓದುವುದೇ ಕಸುಬಾದವನು ತಾನು ಎಂಬ ಹೆಮ್ಮೆ ಅವನಿಗಿತ್ತು.

ಅವನ ಕನ್ನಡಕದ ಸ್ಕ್ರೂ ವಾರಕ್ಕೊಮ್ಮೆ ಸಡಿಲವಾಗುತ್ತಿತ್ತು. ಸಡಿಲ ಮಾಡುತ್ತಿದ್ದವನು ಅವನೇ. ಅದನ್ನು ಹಿಡಿದು ರಸ್ತೆ ದಾಟಿ, ಆಕೆ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಬಿಗಿ ಮಾಡುವಾಗ ಎದುರಿನ ಸ್ಟೂಲಿನ ಮೇಲೆ ಮಸುಕು ಕಣ್ಣಿನಿಂದ ಕೂತಿರುವುದು ಅವನ ವಾರದ ಹಬ್ಬ. ವಾಪಸ್ಸು ಬಂದವನೇ ಋಣ ತೀರಿಸಲು ಆಕೆಗೆ ಗಂಡು ಹುಡುಕುತ್ತಿದ್ದ.

"ಈ ಎಂಜಿನಿಯರ್ ಹೇಗೆ ಮೇಡಂ?"

"ಬಹಳ ಎತ್ತರ. ಕತ್ತು ನೋಯುತ್ತೆ."

"ಇವರು ನೋಡಿ, ಬ್ಯಾಂಕಿನವರು. ಅಷ್ಟೇನೂ ಎತ್ತರ ಇಲ್ಲ."

"ತಲೆ ತುಂಬ ಕೂದಲಿದೆಯಲ್ಲ ಇವರಿಗೆ. ನನಗದು ಅಭ್ಯಾಸ ಇಲ್ಲ."

ಮಾಮ ತಲೆ ಕೆರೆದುಕೊಳ್ಳುತ್ತಿದ್ದ. ಕೆರೆಯಲು ಅಡ್ಡಿಯಾಗುವಂಥದ್ದು ಆ ತಲೆಯ ಮೇಲೆ ಹೆಚ್ಚೇನೂ ಇರಲಿಲ್ಲ. ಎಂಥ ವಿಚಿತ್ರ ಹೆಂಗಸು, ಈಕೆಗೆ ಹೊಂದುವವನನ್ನು ಎಲ್ಲಿಂದ ತರಲಿ ಎಂದು ಕಿಟಕಿಯಿಂದ ಆಕೆಯನ್ನೇ ನೋಡುತ್ತ ಚಿಂತಿಸುತ್ತಿದ್ದ.

ಹೀಗಿರುವಾಗ ಅಕ್ಕನ ಮಗಳು ಅವನಿಗೊಂದು ವೆಬ್‌ಸೈಟ್ ಮಾಡಿಕೊಟ್ಟಳು. ಅಂಗಡಿ ಮುಂಗಟ್ಟುಗಳಿಗೆ ಸೈಟು ಮಾಡಿಕೊಡುವುದು ಅವಳ ಕೆಲಸ. ಸೋದರಮಾವನಿಗೆ ಪ್ರೀತಿಯಿಂದ ಮಾಡಿದ್ದಳು.

"ಮಾಮ, ನಿನ್ನದು ಡೈನಾಮಿಕ್ ಮಾಡಿದೀನಿ," ಎಂದಳು.

ಈ ಒಂದು ಮಾತು ಮುಂದಿನ ಅನಾಹುತಕ್ಕೆಲ್ಲ ಮೂಲ. ಜೋಡಿ ಮಾಮನ ಜೀವಮಾನದಲ್ಲಿ ಯಾರೂ ಅವನನ್ನು ಡೈನಾಮಿಕ್ ಎಂದಿರಲಿಲ್ಲ. ಅವನು ನೆಟ್ಟಗೆ ಕೂತ. ಅಂಗಿಯ ಕಾಲರ್ ಸರಿಮಾಡಿಕೊಂಡ. ಮರುದಿನವೇ ಬೋರ್ಡು ಬರೆಯುವವನನ್ನು ಕರೆಸಿ 'ಜೋಡಿ ಮದುವೆ ಬ್ಯೂರೋ' ಎಂಬುದರ ಕೆಳಗೆ ಕೆಂಪು ಬಣ್ಣದಲ್ಲಿ 'ಡೈನಾಮಿಕ್' ಎಂದು ಬರೆಸಿಬಿಟ್ಟ. ಕೆಳಗಿನ ಲಾಂಡ್ರಿಯವನು ತಲೆಯೆತ್ತಿ ಓದಿ, "ಡೈನಮೋ ಇಟ್ಟಿದೀರಾ ಮಾಮ? ಕರೆಂಟ್ ಹೋದ್ರೆ ನಮಗೂ ಒಂದು ತಂತಿ ಎಳೀರಿ," ಎಂದ.

ಡೈನಾಮಿಕ್ ಎಂದರೆ ಏನೆಂದು ಅಕ್ಕನ ಮಗಳು ಬಿಡಿಸಿ ಹೇಳಿದ್ದಳು. ಯಾರಾದರೂ ಸೈಟಿಗೆ ಬಂದು ತಮಗೆ ಬೇಕಾದವರ ವಯಸ್ಸು, ಎತ್ತರ, ಕೂದಲು, ಕೆಲಸ, ಹವ್ಯಾಸ ತುಂಬಿ 'ಹುಡುಕಿ' ಎಂದು ಒತ್ತಿದರೆ ಆ ಕ್ಷಣದಲ್ಲೇ ಅಂಥವರ ಪುಟ ತಯಾರಾಗಿ ಎದುರಿಗೆ ಬರುತ್ತದೆ.

"ಅಂದ್ರೆ ಅದಕ್ಕೂ ಮುಂಚೆ ಆ ಪುಟ ಎಲ್ಲಿರುತ್ತೆ?"

"ಎಲ್ಲೂ ಇರಲ್ಲ ಮಾಮ. ಯಾರಾದ್ರೂ ಕೇಳಿದ್ರೆ ಹುಟ್ಟುತ್ತೆ. ಕೇಳೋ ತನಕ ಇಲ್ಲ."

ಅವಳು ಹೋದ ಮೇಲೆ ಮಾಮ ಬಾಗಿಲು ಮುಂದೆ ಮಾಡಿ, ಗಿರಾಕಿಗಳ ವಿವರಗಳ ನಡುವೆ ತನ್ನದನ್ನೂ ಸೇರಿಸಿದ. ಎದುರು ಅಂಗಡಿಯಾಕೆ ಎಂದಾದರೂ ಈ ಸೈಟಿನಲ್ಲಿ ಕೇಳಬಹುದು, ಕೇಳಿದಾಗ ತಾನು ಹುಟ್ಟಬಹುದು ಎಂಬುದಷ್ಟೇ ಅವನ ಲೆಕ್ಕ. ಆದರೆ ಇದ್ದದ್ದು ಇದ್ದ ಹಾಗೆ ಬರೆದರೆ ಯಾರು ತಾನೇ ಕೇಳುತ್ತಾರೆ? ಗಿರಾಕಿಗಳಿಗೆ 'ಸ್ವಲ್ಪ ಏರಿಸಿ ಬರೀರಿ' ಎಂದು ಬುದ್ಧಿ ಹೇಳುತ್ತಿದ್ದವನು ತನ್ನ ವಿಷಯದಲ್ಲಿ ಜಿಪುಣನಾಗಲಿಲ್ಲ. ವಯಸ್ಸಿನಲ್ಲಿ ಹತ್ತು ಕಳೆದ. ಎತ್ತರಕ್ಕೆ ಐದಿಂಚು ಕೂಡಿಸಿದ. ಕೂದಲು ಎಂಬಲ್ಲಿ 'ದಟ್ಟ' ಎಂದು ಬರೆದ. ಹವ್ಯಾಸಕ್ಕೆ ಬಂದಾಗ, ಹಿಂದೊಮ್ಮೆ ಫೋಟೋ ತೆಗೆಸಿಕೊಳ್ಳಲು ಯಾರದೋ ಕುದುರೆಯ ಮೇಲೆ ಕೂತು, ಇಳಿಯಲು ಆಗದೆ ಅರ್ಧ ಗಂಟೆ ಕೂಗಿದ್ದು ನೆನಪಾಗಿ 'ಕುದುರೆ ಸವಾರಿ' ಎಂದು ಹಾಕಿದ. ಯೌವನದ ಫೋಟೋ ಒಂದನ್ನು ಅಂಟಿಸಿದ. ಕಾಯುತ್ತ ಕೂತ.

ತಿಂಗಳುಗಳು ಉರುಳಿ ವರ್ಷವಾಯಿತು. ಸೈಟಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಊರಿನ ಆಚೆ ತುದಿಯಲ್ಲಿ ನಿವೃತ್ತ ಹೆಡ್‌ಮಾಸ್ತರೊಬ್ಬರ ಬ್ಯೂರೋ ಇತ್ತು. ಅವರ ಸೈಟೆಂದರೆ ಒಂದೇ ಒಂದು ಪುಟ, ಅದರಲ್ಲೂ ಮೂರು ಅಕ್ಷರ ತಪ್ಪು. ಆದರೂ 'ಮದುವೆ ಬ್ಯೂರೋ' ಎಂದು ಹುಡುಕಿದರೆ ಎಲ್ಲಕ್ಕಿಂತ ಮೇಲೆ ಅವರೇ. ಮಾಮನದು ಎಷ್ಟು ಪುಟ ತಿರುವಿದರೂ ಇಲ್ಲ.

"ಇದೆಂಥ ನ್ಯಾಯ?" ಅವನು ಅಕ್ಕನ ಮಗಳ ಮುಂದೆ ಹರಿಹಾಯ್ದ. "ಅವರದು ಕದಲದ ಪುಟ. ನಮ್ಮದು ಡೈನಾಮಿಕ್ಕು!"

"ಅದಕ್ಕೇ ಮಾಮ. ಸರ್ಚ್ ಎಂಜಿನ್ನು ಬಂದು ನೋಡಿಕೊಂಡು ಹೋಗುತ್ತೆ, ಏನೇನಿದೆ ಅಂತ..."

"ಯಾವಾಗ ಬಂದಿದ್ರು? ನಾನು ಟೀಗೆ ಹೋಗಿದ್ನೇನೋ! ಕೆಳಗೆ ಲಾಂಡ್ರಿಯವನಿಗೆ ಹೇಳಿದ್ರೆ ಕೂರಿಸ್ತಿದ್ದ."

"ಅದು ಮನುಷ್ಯ ಅಲ್ಲ. ಯಂತ್ರ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ, ಲಿಂಕು ಅಂತಾರಲ್ಲ, ಆ ಕೊಂಡಿ ಹಿಡಿದು ನಡೆದುಕೊಂಡು ಹೋಗುತ್ತೆ, ಸಿಕ್ಕಿದ್ದನ್ನ ಓದುತ್ತೆ. ಆದ್ರೆ ಅದು ಸಾಮಾನ್ಯವಾಗಿ ಏನನ್ನೂ ತುಂಬಲ್ಲ, ಏನನ್ನೂ ಕೇಳಲ್ಲ. ನಿನ್ನ ಬಾಗಿಲಿಗೆ ಬಂತು. ನೀನು ವಯಸ್ಸು ತುಂಬಿ, ಎತ್ತರ ತುಂಬಿ ಅಂದೆ. ಅದಕ್ಕೆಲ್ಲಿಯ ವಯಸ್ಸು, ಎಲ್ಲಿಯ ಎತ್ತರ? ಸುಮ್ಮನೆ ನಿಂತು ನೋಡಿ ಹೊರಟುಹೋಯ್ತು. ಒಳಗೆ ಇಷ್ಟು ಜನ ಇದಾರೆ ಅಂತ ಅದಕ್ಕೆ ಗೊತ್ತೇ ಇಲ್ಲ."

"ಪಾಪ, ಸಂಕೋಚದ ಸ್ವಭಾವ," ಎಂದ ಮಾಮ. ಅವನಿಗೆ ಆ ಯಂತ್ರದ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕಿತು.

"ಅಕಸ್ಮಾತ್ ಒಳಗೆ ಬಂದ್ರೂ ಕಷ್ಟ. ಒಬ್ಬನನ್ನೇ ಎತ್ತರದಿಂದ ಹುಡುಕಿದ್ರೆ ಒಂದು ವಿಳಾಸ, ವಯಸ್ಸಿಂದ ಹುಡುಕಿದ್ರೆ ಇನ್ನೊಂದು. ಒಬ್ಬ ಮನುಷ್ಯನಿಗೆ ನೂರು ವಿಳಾಸ, ವಿಳಾಸದ ತುಂಬ ಪ್ರಶ್ನೆ ಚಿಹ್ನೆ. ಇವರಲ್ಲಿ ನಿಜವಾದವನು ಯಾರಪ್ಪಾ ಅಂತ ಅದಕ್ಕೆ ತಲೆ ಕೆಡುತ್ತೆ. ಒಬ್ಬೊಬ್ಬರಿಗೂ ಒಂದೊಂದು ಪುಟ ನಿಲ್ಲಿಸಿಬಿಡಬೇಕು. ಒಂದೇ ವಿಳಾಸ, ಮುಖಪುಟದಿಂದ ಅದಕ್ಕೊಂದು ಕೊಂಡಿ. ಆಗ ಕಾಣುತ್ತೆ. ಆದ್ರೆ ಗಿರಾಕಿಗಳನ್ನ ಕೇಳದೆ ಅವರ ವಿವರ ಲೋಕಕ್ಕೆಲ್ಲ ತೆರೆದಿಡೋ ಹಾಗಿಲ್ಲ. ಪರೀಕ್ಷೆಗೆ ಯಾರಾದ್ರೂ ಒಬ್ಬರು ಸಿಕ್ತಾರಾ?"

ಮಾಮ ಚಾವಣಿ ನೋಡಿದ. ನೆಲ ನೋಡಿದ. "ಯಾರನ್ನಾದ್ರೂ ಹಾಕು. ಬೇಕಾದ್ರೆ... ಈಗ ಬೇರೆಯವರ ಮಾನ ಯಾಕೆ? ನನ್ನದೇ ಇದ್ದರೂ ಇರಬಹುದು ಅದರಲ್ಲಿ. ನೋಡು."

ಅವಳು ನೋಡಿದಳು. ಪರದೆಯ ಮೇಲಿದ್ದ 'ದಟ್ಟ' ಎಂಬುದನ್ನು ಓದಿ, ಮಾಮನ ತಲೆ ನೋಡಿ, ಮತ್ತೆ ಪರದೆ ನೋಡಿದಳು. ಜೋರಾಗಿ ಕೆಮ್ಮು ಬಂತು. ನೀರು ಕುಡಿದಳು. ಗಿರಾಕಿ ಬರೆದದ್ದನ್ನು ತಿದ್ದುವುದು ಕಸುಬಿನ ಧರ್ಮವಲ್ಲವೆಂದು ಇದ್ದದ್ದನ್ನು ಇದ್ದ ಹಾಗೆ ನಿಲ್ಲಿಸಿದಳು.

ಇಷ್ಟರಿಂದಲೇ ಮಾಮ ಮೇಲೇರುತ್ತಿರಲಿಲ್ಲವೋ ಏನೋ. ಆದರೆ ಸುದ್ದಿ ಹೊರಬಿತ್ತು. ಮಾಮನಿಗೂ ಮದುವೆಯಾಗುವ ಮನಸ್ಸಿದೆಯಂತೆ ಎಂದು ಕೇಳಿ ಊರಿನ ಗಂಡಸರಿಗೆ ಹಳೆಯ ಋಣ ನೆನಪಾಯಿತು. ಔಷಧಿ ಅಂಗಡಿಯವನು ತನ್ನ ಅಂಗಡಿಯ ಸೈಟಿನಲ್ಲಿ 'ನನಗೆ ಬಾಳು ಕೊಟ್ಟ ಮಹಾನುಭಾವ' ಎಂದು ಬರೆದು ಮಾಮನ ಪುಟಕ್ಕೆ ಕೊಂಡಿ ಹಾಕಿದ. ಡ್ರಾಯಿಂಗ್ ಮಾಸ್ತರು ತಮ್ಮ ಶಾಲೆಯ ಪುಟದಲ್ಲಿ ಹಾಕಿದರು. ಡಿಪೋದ ಮೆಕ್ಯಾನಿಕ್ಕು ಬಸ್ಸುಗಳ ವೇಳಾಪಟ್ಟಿಯ ಅಡಿಯಲ್ಲಿ ಹೇಗೋ ತೂರಿಸಿದ. ಇಷ್ಟೊಂದು ಜನ ಬೆರಳು ಮಾಡಿ ತೋರಿಸುತ್ತಿರುವವನು ಸಾಮಾನ್ಯನಾಗಿರಲಾರ ಎಂದು ಆ ಸಂಕೋಚದ ಯಂತ್ರ ತರ್ಕಿಸಿತು. ಜೋಡಿ ಮಾಮನನ್ನು ಎತ್ತಿ ಮೊದಲ ಪುಟದ ಮೊದಲ ಸಾಲಿನಲ್ಲಿ ಕೂರಿಸಿಬಿಟ್ಟಿತು.

ಕೂರಿಸಿದ್ದು 'ಮದುವೆ' ಎಂಬ ಮಾತಿಗೆ ಮಾತ್ರವಾಗಿದ್ದರೆ ಸರಿಹೋಗುತ್ತಿತ್ತು. 'ಜೋಡಿ' ಎಂಬ ಮಾತಿಗೂ ಅವನೇ ಮೊದಲು. ಊರಿನಲ್ಲಿ ಯಾರು ಯಾವ ಜೋಡಿ ಹುಡುಕಿದರೂ ದಟ್ಟ ಕೂದಲಿನ ಯುವಕನೊಬ್ಬ ನಗುತ್ತ ಎದುರಾಗುತ್ತಿದ್ದ. ಮೊದಲು ಬಂದವನು ಎಡಗಾಲಿನ ಚಪ್ಪಲಿಯೊಂದನ್ನು ಮೇಜಿನ ಮೇಲಿಟ್ಟು, "ಇದರ ಜೋಡಿ ಸಿಗುತ್ತಾ?" ಎಂದ. ಆಮೇಲೆ ಒಂಟಿ ಓಲೆಯ ಮುದುಕಿ. ಆಮೇಲೆ ಒಂದು ಬಾಗಿಲ ಹಿಡಿಕೆ ಹಿಡಿದ ಬಡಗಿ. ಲಾಂಡ್ರಿಯವನು ಮೆಟ್ಟಿಲ ಬುಡದಲ್ಲಿ ನಿಂತು, "ಒಂಟಿ ಕಾಲುಚೀಲದವರು ಕೆಳಗೆ ನನ್ನನ್ನ ನೋಡಿ, ಒಂಟಿ ಮನುಷ್ಯರು ಮೇಲೆ ಹೋಗಿ," ಎಂದು ಜನರನ್ನು ಬೇರ್ಪಡಿಸತೊಡಗಿದ.

ಕ್ಷೌರದ ಅಂಗಡಿಯವನು ಬಂದದ್ದು ಜಗಳಕ್ಕಲ್ಲ, ದುಃಖ ತೋಡಿಕೊಳ್ಳಲು.

"ಇಪ್ಪತ್ತು ವರ್ಷದಿಂದ ನಿಮ್ಮ ತಲೆ ನನ್ನ ಕೈಲಿದೆ ಅಂದ್ಕೊಂಡಿದ್ದೆ ಮಾಮ. ಆ ದಟ್ಟ ಕೂದಲಿಗೆ ಯಾರ ಹತ್ರ ಹೋಗ್ತಿದ್ರಿ? ನನ್ನ ಕೆಲಸದಲ್ಲಿ ಏನು ಕೊರತೆ ಕಂಡ್ರಿ?"

ಅವನನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ನಗರಸಭೆಯ ಪರವಾನಗಿ ಅಧಿಕಾರಿ ಮೆಟ್ಟಿಲು ಹತ್ತಿದರು. ಅವರು ತಮ್ಮ ಷೂಗಳ ಜೋಡಿ ಹುಡುಕುವಾಗ ಮಾಮನ ಪುಟ ಓದಿದ್ದರು. ಓದಿದ್ದನ್ನು ಮರೆಯುವ ಜಾತಿಯವರಲ್ಲ.

"ಕುದುರೆ ಎಲ್ಲಿ ಕಟ್ಟುತ್ತೀರಿ?"

"ಯಾವ ಕುದುರೆ ಸಾರ್?"

"ಸವಾರಿ ಮಾಡೋದು. ಊರೊಳಗೆ ಕುದುರೆ ಸಾಕೋಕೆ ಪ್ರತ್ಯೇಕ ಪರವಾನಗಿ ಬೇಕು. ಅದೂ ಮಹಡಿ ಮೇಲೆ ಇಟ್ಟಿದ್ರೆ ಕಟ್ಟಡ ವಿಭಾಗದ ಅನುಮತಿ ಬೇರೆ."

ಹಿಂದೆಯೇ ಬಂದಿದ್ದ ಲಾಂಡ್ರಿಯವನು ಗಲ್ಲದ ಮೇಲೆ ಬೆರಳಿಟ್ಟುಕೊಂಡ. "ಹಾಗಾದ್ರೆ ಮೇಲೆ ದಡದಡ ಅನ್ನೋದು ಅದೇನಾ ಮಾಮ? ನಾನು ಕುರ್ಚಿ ಅಂದ್ಕೊಂಡಿದ್ದೆ."

"ಕುರ್ಚೀನೇ ಕಣಯ್ಯಾ!"

"ಇನ್ನೊಂದು," ಎಂದರು ಅಧಿಕಾರಿ. "ನಮ್ಮ ಕಡತದಲ್ಲಿರೋ ವಯಸ್ಸಿಗೂ ಇಲ್ಲಿರೋ ವಯಸ್ಸಿಗೂ ಹತ್ತು ವರ್ಷ ವ್ಯತ್ಯಾಸ. ಇದರ ಪ್ರಕಾರ ನೀವು ಬ್ಯೂರೋ ತೆರೆದಾಗ ಹೈಸ್ಕೂಲು ಹುಡುಗ. ಅಪ್ರಾಪ್ತ ವಯಸ್ಕನಿಗೆ ಮದುವೆ ಬ್ಯೂರೋ ಪರವಾನಗಿ ಕೊಟ್ಟವರು ಯಾರು? ನಾನೇ. ನನ್ನ ಕೆಲಸಕ್ಕೇ ಕುತ್ತು ತರ್ತೀರಲ್ಲ."

ಮಾಮ ನಾಲ್ಕೂ ದಿಕ್ಕಿಗೆ ಕೈಮುಗಿದು, ಅದು ಕಂಪ್ಯೂಟರಿನ ತಪ್ಪು, ತಿದ್ದಿಸುತ್ತೇನೆ ಎಂದ. ಅಧಿಕಾರಿಗಳು ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿ, ಕುದುರೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೋದರು.

ಆದರೆ ತಿದ್ದಿಸಲು ಪುರಸೊತ್ತು ಸಿಗಲಿಲ್ಲ. ಮರುದಿನ ದಪ್ಪ ಮೀಸೆಯ ಕಟ್ಟಡ ಗುತ್ತಿಗೆದಾರನೊಬ್ಬ ಬಂದು ಕುರ್ಚಿ ತುಂಬ ಕೂತ. ತನ್ನ ತಂಗಿಗೆ ಗಂಡು ನೋಡಲು ಬಂದಿದ್ದ. ಅಭ್ಯಾಸಬಲವೋ ಏನೋ, ಅಳೆಯುವ ಟೇಪು ಕೈಯಲ್ಲೇ ಇತ್ತು.

"ಮೊದಲ ಪುಟದ ಹುಡುಗ ಒಪ್ಪಿಗೆ ನಮಗೆ. ನನ್ನ ತಂಗಿ ನೋಡಿದ್ದೇ ತಡ, ಕುದುರೆ ಮೇಲೆ ಕೂತ ಹಾಗೆ ಕನಸು ಕಾಣ್ತಿದಾಳೆ. ಕರೆಸಿ ಅವನನ್ನ, ನೋಡೋಣ."

ಎದುರಿಗೆ ಕೂತವನು ಮಾಮನ ತಲೆಯನ್ನು ನೋಡುತ್ತಿದ್ದ, ನೋಡಿಯೂ ಅನುಮಾನಪಡಲಿಲ್ಲ.

"ಹುಡುಗ... ಹುಡುಗ ಈಗ ಇಲ್ಲ."

"ನಿಮ್ಮ ಮುಖದ ಕಳೆ ಸ್ವಲ್ಪ ಇದೆಯಪ್ಪ ಫೋಟೋದಲ್ಲಿ. ಸಂಬಂಧಿಕನಾ?"

"ತಮ್ಮ," ಎಂಬ ಮಾತು ಮಾಮನ ಬಾಯಿಂದ ಜಾರಿಬಿತ್ತು. ಒಮ್ಮೆ ಜಾರಿದ ಮೇಲೆ ಕೈಗೆ ಸಿಕ್ಕದೆ ಓಡಿತು. "ನನ್ನ ತಮ್ಮ. ನನಗಿಂತ ಐದಿಂಚು ಎತ್ತರ. ನಾನು ತಂದೆಯ ಹಾಗೆ, ಅವನು ತಾಯಿಯ ಹಾಗೆ. ಕೂದಲೆಲ್ಲ ಅವನ ಪಾಲಿಗೆ ಹೋಯ್ತು. ಈಗ ಕುದುರೆ ಕೆಲಸದ ಮೇಲೆ ಪರ ಊರಿಗೆ ಹೋಗಿದಾನೆ."

ಇಷ್ಟು ಹೇಳಿ ತಲೆಯೆತ್ತಿದರೆ ಬಾಗಿಲಲ್ಲಿ ಕನ್ನಡಕದ ಅಂಗಡಿಯಾಕೆ ನಿಂತಿದ್ದರು. ಸ್ಕ್ರೂ ಬಿಗಿ ಮಾಡಲು ತಾನು ಹೋಗಲು ಪುರಸೊತ್ತಿಲ್ಲದೆ ಬೆಳಿಗ್ಗೆ ಅವನು ಲಾಂಡ್ರಿಯವನ ಕೈಲಿ ಕಳಿಸಿದ್ದ ಕನ್ನಡಕ ಅವರ ಕೈಯಲ್ಲಿತ್ತು.

"ನಿಮಗೆ ತಮ್ಮ ಇರೋದು ಗೊತ್ತಿರಲಿಲ್ಲ," ಎಂದರು ಆಕೆ.

"ಯಾವ ತಮ್ಮ?" ಆಕೆಯ ಹಿಂದಿನಿಂದ ಏದುಸಿರು ಬಿಡುತ್ತ ಬಂದವಳು ಅಕ್ಕ. ಅವಳ ನೆರೆಹೊರೆಯವರೆಲ್ಲ ಪುಟ ಓದಿ ಅವಳನ್ನು ಆಡಿಕೊಂಡಿದ್ದರಿಂದ ಅವಳು ಕೋಪವನ್ನು ಸೆರಗಿನಲ್ಲಿ ಕಟ್ಟಿಕೊಂಡು ನೇರ ಇಲ್ಲಿಗೆ ಬಂದಿದ್ದಳು. "ನಮ್ಮಮ್ಮ ಹೆತ್ತಿದ್ದು ನಾವಿಬ್ಬರನ್ನೇ. ನಿನ್ನನ್ನ ಹೆತ್ತ ಮೇಲೆ ಇನ್ನು ಸಾಕು ಅಂದ್ಬಿಟ್ಟಿದ್ಲು."

ಗುತ್ತಿಗೆದಾರ ಅಕ್ಕನನ್ನು ನೋಡಿದ, ಪುಟ ನೋಡಿದ, ಮಾಮನನ್ನು ನೋಡಿದ. ಎದ್ದು ಬಂದು ಟೇಪು ಬಿಚ್ಚಿ ಮಾಮನನ್ನು ಕಾಲಿಂದ ತಲೆಯವರೆಗೆ ಅಳೆದ. "ಐದು ಮೂರು," ಎಂದು ಗೋಡೆಗಳಿಗೆ ಕೇಳುವಂತೆ ಘೋಷಿಸಿದ. "ಅಲ್ಲ ಸ್ವಾಮಿ, ಇದನ್ನೇ ನಾನು ಕಟ್ಟಡದಲ್ಲಿ ಮಾಡಿದ್ರೆ ನನ್ನನ್ನ ಒಳಗೆ ಹಾಕ್ತಾರೆ." ದಡದಡ ಇಳಿದುಹೋದ. ಆ ಸದ್ದಿಗೆ ಕೆಳಗೆ ಲಾಂಡ್ರಿಯವನು, "ಇಳೀತು, ಕುದುರೆ ಇಳೀತು!" ಎಂದು ಕೂಗಿದ್ದು ಕೇಳಿಸಿತು.

ಕನ್ನಡಕವನ್ನು ಮೇಜಿನ ಮೇಲಿಟ್ಟು ಆಕೆಯೂ ಇಳಿದುಹೋದರು. ನಗಲಿಲ್ಲ. ಅವರು ನಕ್ಕಿದ್ದರೆ ಮಾಮನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ನಿನಗೆ ನಾಚಿಕೆ ಅನ್ನೋದು..." ಎಂದು ಶುರುಮಾಡಿದ ಅಕ್ಕ ತಮ್ಮನ ಮುಖ ನೋಡಿ ನಿಲ್ಲಿಸಿದಳು. ದನಿ ತಗ್ಗಿತು. "ಯಾರಿಗೋಸ್ಕರ ಈ ವೇಷ?"

ಅವನ ಕಣ್ಣು ಕಿಟಕಿಯ ಕಡೆ ಹೋಯಿತು. ಅಕ್ಕನೂ ಆ ಕಡೆ ನೋಡಿದಳು. ಊರಿನ ಹೆಣ್ಣುಗಳನ್ನೆಲ್ಲ ತಂದು ಅವನ ಮುಂದೆ ಸುರಿದಿದ್ದವಳು ತಾನು ಈ ಕಿಟಕಿಯಿಂದ ಒಂದು ಸಲವೂ ಹೊರಗೆ ನೋಡಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

"ಕತ್ತೆ," ಎಂದಳು ಮೆಲ್ಲಗೆ. "ಆಕೆ ಅಂಗಡಿ ಖಾಲಿ ಮಾಡ್ತಿದಾಳೆ ಕಣೋ. ತಂಗಿ ಇರೋ ಊರಿಗೆ ಹೋಗ್ತಾಳಂತೆ. ಬರುವಾಗ ನೋಡಿದೆ, ಪೆಟ್ಟಿಗೆ ಕಟ್ಟಿಟ್ಟಿದಾಳೆ."

ಮಾಮ ಕನ್ನಡಕ ಏರಿಸಿಕೊಂಡು ನೋಡಿದ. ಬಾಗಿಲ ಮೇಲಿನ ತಗಡಿನ ಕನ್ನಡಕ ಇರಲಿಲ್ಲ. ಅದನ್ನು ಕಳಚಿದ ಜಾಗದಲ್ಲಿ ಗೋಡೆಯ ಮೇಲೆ ಎರಡು ದುಂಡು ಬಿಳಿ ಗುರುತುಗಳು ಉಳಿದಿದ್ದವು. ಇಷ್ಟು ದಿನ ಬಂದವರನ್ನು ಸಂಭಾಳಿಸುವ ಗಲಾಟೆಯಲ್ಲಿ ಅವನು ಕಿಟಕಿಗೆ ಬೆನ್ನು ಹಾಕಿ ಕೂತಿದ್ದ.

ಅಂದು ಸಂಜೆ ಅಕ್ಕನ ಮಗಳು ಪುಟ ಅಳಿಸಲೆಂದೇ ಬಂದಳು. "ತೆಗೆದುಹಾಕ್ತೀನಿ ಮಾಮ. ಆದ್ರೆ ಆ ಸರ್ಚ್ ಎಂಜಿನ್ನು ಸ್ವಲ್ಪ ದಿನ ನೆನಪಿಟ್ಟುಕೊಂಡಿರುತ್ತೆ. ತೆಗೆದ ತಕ್ಷಣ ಮರೆಯಲ್ಲ."

"ತೆಗೀಬೇಡ," ಎಂದ ಮಾಮ. "ತಿದ್ದು. ಇರೋದನ್ನ ಬರೆದುಬಿಡು. ಹೋಗೋರು ಸುಳ್ಳನ್ನ ನೆನಪಿಟ್ಕೊಂಡು ಹೋಗಬಾರದು."

ಅವಳು ಬೆರಳು ಸಿದ್ಧ ಮಾಡಿಕೊಂಡಳು. ವಯಸ್ಸು ನಲವತ್ತೊಂಬತ್ತು ಎಂದ.

"ಎತ್ತರ?"

"ಆ ಗುತ್ತಿಗೆದಾರ ಅಳೆದನಲ್ಲ, ಅಷ್ಟು."

"ಕೂದಲು?"

"ಕಿವಿ ಹತ್ರ ಇದೆ. ಹಿಂದೆ ಸ್ವಲ್ಪ. ಇದೆ ಅಂತಲೂ ಬೇಡ, ಇಲ್ಲ ಅಂತಲೂ ಬೇಡ."

"ಇಲ್ಲ ಅಂತ ಹಾಕ್ತೀನಿ ಮಾಮ. ಹವ್ಯಾಸ? ಕುದುರೆ ತೆಗೆದೆ."

ಅವನಿಗೆ ಹವ್ಯಾಸ ಎನ್ನುವಂಥದ್ದು ಏನಿತ್ತು? ಹಾಡು ಬಾರದು, ಓದು ಹಿಡಿಸದು.

"ಕಿಟಕಿ," ಎಂದ.

"ಕಿಟಕೀನಾ?"

"ಕಿಟಕಿಯಿಂದ ಹೊರಗೆ ನೋಡೋದು. ಎದುರುಗಡೆ."

ಅವಳಿಗೆ ಈ ಸಲ ಕೆಮ್ಮು ಬರಲಿಲ್ಲ. ಹೇಳಿದ್ದನ್ನು ಹಾಗೇ ಬರೆದಳು. "ನಿಂತ ಪುಟದಲ್ಲೂ ತಿದ್ದಿದೆ, ಒಳಗೆ ಹುಡುಕಿದ್ರೆ ಹುಟ್ಟೋ ಪುಟದಲ್ಲೂ ತಿದ್ದಿದೆ. ಇನ್ಮೇಲೆ ಎರಡೂ ಕಡೆ ಒಬ್ಬನೇ ಮನುಷ್ಯ," ಎಂದು ಹೇಳಿ ಹೋದಳು.

ಮರುದಿನ ಬೆಳಿಗ್ಗೆ ಮಾಮ ಬೇಗನೆ ಬಂದು ಕೂತಿದ್ದ. ಕೆಳಗೆ ಇಸ್ತ್ರಿ ಶುರುವಾಗಿ ಆವಿ ಏರುತ್ತಿತ್ತು. ಎದುರು ಅಂಗಡಿಯ ಬಾಗಿಲಲ್ಲಿ ಪೆಟ್ಟಿಗೆಗಳು ಒಂದರ ಮೇಲೊಂದು. ಸ್ಕ್ರೂ ಸಡಿಲ ಮಾಡಿಕೊಂಡು ಹೋಗಲೇ ಎಂದು ಒಮ್ಮೆ ಅನ್ನಿಸಿತು. ಸ್ಕ್ರೂಡ್ರೈವರ್ ಯಾವ ಪೆಟ್ಟಿಗೆಯ ತಳ ಸೇರಿದೆಯೋ ಎಂದು ಕೈ ಹಿಂದೆಗೆದ. ಆಗ ಮೆಟ್ಟಿಲ ಸದ್ದಾಯಿತು. ಬಂದವರು ಆಕೆಯೇ. ಎದುರಿನ ಕುರ್ಚಿಯಲ್ಲಿ ಕೂತರು.

"ಹೋಗೋ ಮುಂಚೆ ನಿಮ್ಮ ಸೈಟಿನ ಮೇಲೆ ಒಂದು ದೂರು ಹೇಳಿ ಹೋಗೋಣ ಅಂತ ಬಂದೆ."

"ಎಲ್ಲರದ್ದೂ ದೂರೇ ಮೇಡಂ. ಹೇಳಿ."

"ಒಂದು ವರ್ಷಕ್ಕೂ ಮೇಲಾಯ್ತು, ಅಂಗಡಿ ಮುಚ್ಚೋ ಮುಂಚೆ ದಿನಾ ಅದನ್ನ ಒಂದೇ ಪ್ರಶ್ನೆ ಕೇಳ್ತಿದೀನಿ. ವಯಸ್ಸು ಐವತ್ತರ ಹತ್ತಿರ ಇರಬೇಕು. ಎತ್ತರ ಐದೂಕಾಲು ಅಡಿ. ತಲೇಲಿ ಕೂದಲು ಬೇಡ. ಸ್ವಂತ ಕೆಲಸ, ಇದೇ ರಸ್ತೆಯವರಾದ್ರೆ ಒಳ್ಳೇದು. ಪ್ರತಿ ಸಲ 'ಕ್ಷಮಿಸಿ, ಇಂಥವರು ನಮ್ಮಲ್ಲಿ ಯಾರೂ ಇಲ್ಲ' ಅನ್ನುತ್ತೆ. ಕೇಳೀ ಕೇಳೀ, ಇಲ್ಲ ಅನ್ನೋದನ್ನ ನಂಬಿಬಿಟ್ಟೆ."

ಮಾಮನ ಕಸುಬು ಜಾಗೃತವಾಯಿತು. ಗಿರಾಕಿಯೊಬ್ಬರು ತನ್ನ ಬ್ಯೂರೋದಿಂದ ಬರಿಗೈಯಲ್ಲಿ ಊರು ಬಿಡುವುದೆಂದರೇನು! ಹಣೆ ತಿಕ್ಕಿಕೊಂಡ.

"ಇದೇ ರಸ್ತೆ... ಔಷಧಿ ಅಂಗಡಿಯವನಿಗೆ ಆಗಿಹೋಯ್ತು. ಲಾಂಡ್ರಿಯವನಿಗೆ ಹೆಂಡತಿ ಇದಾಳೆ. ಕ್ಷೌರದವನು ಆ ಎತ್ತರಕ್ಕೆ ಸರಿಹೋಗ್ತಾನೆ, ಆದ್ರೆ ವಯಸ್ಸು ಸಾಲದು. ಮೊದಲೇ ಹೇಳಬಾರದಿತ್ತಾ ಮೇಡಂ? ಪಕ್ಕದ ರಸ್ತೆಯಾದ್ರೂ ನಡೆಯುತ್ತಾ?"

ಆಕೆ ಅವನನ್ನೇ ನೋಡಿದರು. ಆಮೇಲೆ ಕೈ ಚಾಚಿ, "ಕನ್ನಡಕ ಕೊಡಿ ಇಲ್ಲಿ," ಎಂದರು. ಆವಿ ಕವಿದಿದ್ದ ಗಾಜುಗಳನ್ನು ಸೆರಗಿನ ಅಂಚಿನಿಂದ ನಿಧಾನವಾಗಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ವಾಪಸ್ಸು ಕೊಟ್ಟರು.

"ಇವತ್ತು ಬೆಳಿಗ್ಗೆ ಕೊನೇ ಸಲ ಅಂತ ಕೇಳಿದೆ. ಮೊದಲ ಸಲ ಉತ್ತರ ಬಂತು. ಒಬ್ಬರೇ ಒಬ್ಬರು."

"ಯಾರು?"

"ಹವ್ಯಾಸ ಕಿಟಕಿ ಅಂತ ಬರೆದಿದ್ರು."

ಮಾಮ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಳ್ಳಲು ಹೋಗಿ ಕಿವಿಗೆ ಸಿಕ್ಕಿಸುವುದನ್ನು ಮರೆತ. ಅದು ಕೈಯಲ್ಲೇ ಉಳಿಯಿತು.

"ಮೊದಲ ಪುಟದಲ್ಲಿ ಇಷ್ಟು ದಿನ ಇದ್ದವರು ಬೇರೆ ಯಾರೋ," ಎಂದರು ಆಕೆ. "ನನಗೆ ಅವರ ಪರಿಚಯ ಇಲ್ಲ. ಇವರು ಮಾತ್ರ ಗೊತ್ತು. ವಾರಕ್ಕೊಂದು ಸಲ ಸ್ಕ್ರೂ ಬಿಚ್ಚಿಕೊಂಡು ಬರ್ತಿದ್ರು."

"ಗೊತ್ತಿತ್ತಾ?"

"ತಾನಾಗಿ ಸಡಿಲವಾದ ಸ್ಕ್ರೂಗೂ ಉಗುರಿನಿಂದ ಬಿಚ್ಚಿದ ಸ್ಕ್ರೂಗೂ ವ್ಯತ್ಯಾಸ ಇರಲ್ವಾ?"

ಕೆಳಗೆ ರಸ್ತೆಯಲ್ಲಿ ಲಾರಿಯೊಂದು ಬಂದು ನಿಂತು ಎರಡು ಸಲ ಹಾರ್ನ್ ಹೊಡೆಯಿತು. ಯಾರೋ ಆಕೆಯ ಅಂಗಡಿಯ ಬಾಗಿಲು ತಟ್ಟಿದರು. "ಪೆಟ್ಟಿಗೆ ಏರಿಸಲಾ ಅಮ್ಮಾ?" ಎಂಬ ಕೂಗು ಕಿಟಕಿಯವರೆಗೂ ಬಂತು.

"ಬಂದೆ ಇರಿ," ಎಂದು ಆಕೆ ಕೂತಲ್ಲಿಂದಲೇ ಕೂಗಿದರು. ಏಳಲಿಲ್ಲ. "ಅಲ್ಲಿ ಅಂಗಡಿಗೆ ಮುಂಗಡ ಕೊಟ್ಟಾಗಿದೆ. ತಂಗಿಗೆ ಮಾತು ಕೊಟ್ಟಾಗಿದೆ. ಹೋಗಲೇಬೇಕು."

"ಹೌದು, ಹೌದು. ಹೋಗಲೇಬೇಕು," ಎಂದ ಮಾಮ. ಗೋಡೆಯ ಮೇಲಿನ ಜೋಡಿಗಳ ಫೋಟೋಗಳನ್ನು ನೋಡಿದ. ಎಲ್ಲರೂ ನಗುತ್ತಿದ್ದರು. ಸಿಕ್ಕಿದ್ದನ್ನೆಲ್ಲ ಬೇರೆಯವರಿಗೆ ದಾಟಿಸಿದ ಆ ಕೈ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಲಾರಿ ಮತ್ತೊಮ್ಮೆ ಹಾರ್ನ್ ಹೊಡೆಯಿತು.

"ಆ ಊರಲ್ಲಿ..." ಅವನು ವ್ಯಾಪಾರದ ಮಾತು ವಿಚಾರಿಸುವವನಂತೆ ಮುಖ ಮಾಡಿಕೊಳ್ಳಲು ಪ್ರಯತ್ನಿಸಿದ, ಮುಖ ಅವನ ಮಾತು ಕೇಳಲಿಲ್ಲ. "ಸುಮ್ಮನೆ ಕೇಳ್ತಿದೀನಿ. ಆ ಊರಲ್ಲಿ ಮದುವೆ ಬ್ಯೂರೋ ಇದೆಯಾ?"

"ಇಲ್ಲ. ಹುಡುಕಿದೆ. ಮೊದಲ ಪುಟದಿಂದ ಕೊನೇ ಪುಟದವರೆಗೂ ಹುಡುಕಿದೆ, ಒಂದೂ ಇಲ್ಲ."

"ಯಾವಾಗ ಹುಡುಕಿದ್ರಿ?"

ಆಕೆ ಎದ್ದು ನಿಂತರು. ಅವನ ಕೈಯಲ್ಲೇ ಉಳಿದಿದ್ದ ಕನ್ನಡಕವನ್ನು ತೆಗೆದುಕೊಂಡು, ಎರಡೂ ಕಿವಿಗೆ ಸರಿಯಾಗಿ ಸಿಕ್ಕಿಸಿದರು.

"ಮುಂಗಡ ಕೊಡೋಕೆ ಮುಂಚೆ."